ಮಂಜಿನೊಳಗಿನ ಬಿರುಗಾಳಿ: ಘಮವಿಲ್ಲದ ಪೌಡರ್

"ಕಾಯಿ ಯಾಕ ಓಡವಲ್ದೋ ಹುಲಗೇಶ?"

ಅಮೃತಪ್ಪನವರು ಮತ್ತೆ ಸ್ಟ್ರೈಕರ್ ಹೊಡೆದರು. ಬಿಳಿ ಕಾಯಿ ಎರಡು ಬೆರಳಿನಷ್ಟು ಸರಿದು, ಮುದಿ ಎಮ್ಮೆ ನಡುದಾರಿಯಲ್ಲಿ ನಿಂತ ಹಾಗೆ ನಿಂತುಬಿಟ್ಟಿತು.

ಹೇಳಿಕೇಳಿ ಅಮೃತಪ್ಪನವರು ಸಿಕಂದರಾಬಾದಿನ ರೈಲ್ವೆ ಆಫೀಸಿನ ಮಾಜಿ ಕ್ಯಾರಂ ಹುಲಿ. ಒಡೆದು ಬಂದ ಪಾರ್ಸೆಲ್ಲುಗಳನ್ನು ಒಡೆದವರು ಯಾರೆಂದು ಪತ್ತೆ ಹಚ್ಚುವುದು ಅಲ್ಲಿ ಅವರ ನೌಕರಿಯಾಗಿತ್ತು. ನಿವೃತ್ತರಾದ ಮೇಲೆ ಕಾಚಿಗೂಡದ ಮನೆಯ ಹೊರಕೋಣೆಗೆ ಒಂದು ಬೋರ್ಡು ತಗುಲಿಹಾಕಿ ಖಾಸಗಿ ಪತ್ತೇದಾರರಾಗಿದ್ದರು. ಯಾರ ಬಾಯಿ ಬಿಡಿಸಬೇಕೋ ಅವರ ಎದುರು ಕ್ಯಾರಂ ಬೋರ್ಡ್ ಇಟ್ಟುಕೊಂಡು ಕೂತುಬಿಡುವುದು ಅವರ ಹಳೆಯ ಚಾಳಿ. ಕೆಂಪು ರಾಣಿಯ ಮೇಲೆ ಕಣ್ಣಿಟ್ಟವನು ತನ್ನ ನಾಲಿಗೆಯ ಕಡೆ ನೋಡುವುದಿಲ್ಲ ಅಂತ ಅವರ ನಂಬಿಕೆ.

ಊಟದ ಕೋಣೆಯಲ್ಲಿ ಅವರ ಎದುರಿಗೆ ಕೂತ ಹುಲಗೇಶ ಉಪ್ಪಲ್‌ನ ಈ ಹಿಮ ಪ್ರಯೋಗಾಲಯದ ಶೀತಕೋಣೆಯನ್ನು ನೋಡಿಕೊಳ್ಳುವವನು. ದಕ್ಷಿಣ ಧ್ರುವದಲ್ಲಿ ಕೊರೆದು ತಂದ ಮಂಜುಗಡ್ಡೆಯ ಕಂಬಗಳು ಅವನ ಸುಪರ್ದಿಯಲ್ಲಿದ್ದವು. ಮೇ ತಿಂಗಳ ಹೈದರಾಬಾದಿನಲ್ಲಿ ಸ್ವೆಟರ್ ಹಾಕಿಕೊಂಡು ಊಟಕ್ಕೆ ಬರುವ ಮನುಷ್ಯ ಇಡೀ ಊರಿಗೆ ಅವನೊಬ್ಬನೇ ಇರಬೇಕು.

"ಪೌಡರ್ ಇಲ್ರಿ ಸರ. ಒಣಾ ಬೋರ್ಡಿನ ಮ್ಯಾಲ ಎಷ್ಟ್ ಹೊಡದ್ರೂ ಅಷ್ಟ."

"ಪೌಡರ್ ಇಲ್ದ ಕ್ಯಾರಂ ಆಡ್ತೀರೇನೋ? ಉಪ್ಪಿಲ್ದ ಸಾರು ಉಂಡಂಗ. ತರಾಕ ಏನಾಗೈತಿ?"

"ತಂದಿದ್ದೆ ಅಲ್ರಿ. ಡಬ್ಬಿ ಕಳದೈತಿ."

ಅಮೃತಪ್ಪನವರ ಬೆರಳು ಸ್ಟ್ರೈಕರಿನ ಮೇಲೆ ಹಾಗೇ ನಿಂತಿತು. ಈ ಕಟ್ಟಡಕ್ಕೆ ಕಾಲಿಟ್ಟಾಗಿನಿಂದ ಅವರು ಕೇಳಿದ್ದೆಲ್ಲ ಒಂದೇ ರಾಗ. ಇಲ್ಲಿ ಏನೂ ಕಳೆದಿಲ್ಲ, ಏನೂ ಬದಲಾಗಿಲ್ಲ, ಎಲ್ಲ ಇದ್ದ ಹಾಗೇ ಇದೆ. ಈಗ ಮೊದಲ ಸಲ ಒಬ್ಬ ಮನುಷ್ಯ "ಕಳದೈತಿ" ಅಂದಿದ್ದ.

ಅವರು ಬಂದ ಕಾರಣ ಗುಟ್ಟೇನಲ್ಲ. ಅವರ ಹೆಂಡತಿ ಗಿರಿಜಾಬಾಯಿಯ ತಮ್ಮನ ಮಗಳು ಕಾವ್ಯಾ ಇದೇ ಪ್ರಯೋಗಾಲಯದಲ್ಲಿ ಯಾರೂ ಅರಿಯದ ಪುರಾತನ ಸೂರ್ಯಬಿರುಗಾಳಿಯೊಂದರ ಗುರುತು ಕಂಡುಹಿಡಿದಿದ್ದಳು. ಅದನ್ನು ಖಚಿತಪಡಿಸುವ ಎರಡನೆಯ ಪರೀಕ್ಷೆ ಬೋರಾನ್ ಎಂಬ ಕಲ್ಮಶ ಬೆರೆತು ಹಾಳಾಗಿತ್ತು. ತನ್ನ ಸುಳ್ಳು ಬಯಲಾಗಬಾರದೆಂದು ಅವಳೇ ಬೇಕಂತ ಕೆಡಿಸಿದಳೆಂದು ವಿಚಾರಣಾ ಸಮಿತಿ ನಾಳೆ ಬೆಳಗ್ಗೆ ತೀರ್ಮಾನ ಹೇಳಲಿತ್ತು.

ತೀರ್ಮಾನ ಹಾಗಾದರೆ ಹುಡುಗಿಗೆ ಈ ಕೆಲಸ ಮಾತ್ರ ಹೋಗುವುದಿಲ್ಲ. ಜಗತ್ತಿನ ಯಾವ ಪ್ರಯೋಗಾಲಯವೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ.

ಅಮೃತಪ್ಪನವರಿಗೆ ಕಾವ್ಯಾ ಎಂದರೆ ಪ್ರಾಣ. ಕಾಲೇಜಿಗೆಂದು ಬೀದರಿನಿಂದ ಬಂದವಳು ಮಕ್ಕಳಿಲ್ಲದ ಅವರ ಮನೆ ತುಂಬಿಕೊಂಡುಬಿಟ್ಟಿದ್ದಳು. ತನ್ನ ಕೆಲಸವೇನೆಂದು ಅವಳು ಅವರಿಗೆ ವಿವರಿಸಿದ್ದು ಅಡುಗೆಮನೆಯಲ್ಲಿ, ಜೋಳದ ಹಿಟ್ಟು ಜರಡಿ ಹಿಡಿಯುತ್ತ.

"ಸೂರ್ಯ ಒಮ್ಮೊಮ್ಮೆ ಸಿಟ್ಟಿಗೇಳ್ತಾನ ಮಾಮಾ. ಅವನಿಂದ ಕಣ ಬಂದು ನಮ್ಮ ಗಾಳಿಗೆ ಬಡೀತಾವ. ಆಗ ಬೆರಿಲಿಯಂ ಅಂತ ಒಂದು ನಮೂನಿ ಧೂಳು ಹುಟ್ಟಿ, ಹಿಮದ ಜೋಡಿ ಧ್ರುವದ ಮ್ಯಾಲ ಉದುರತೈತಿ. ಅದರ ಮ್ಯಾಲ ಮುಂದಿನ ವರ್ಷದ ಹಿಮ, ಅದರ ಮ್ಯಾಲ ಮತ್ತೊಂದು ವರ್ಷದ್ದು. ನಾವು ಪದರು ಪದರು ಕರಗಿಸಿ ನೋಡ್ತೀವಿ. ಯಾವ ಪದರಿನ್ಯಾಗ ಈ ಧೂಳು ಜಾಸ್ತಿ ಐತೋ, ಆ ವರ್ಷ ಸೂರ್ಯ ಭಾಳ ಸಿಟ್ಟಿಗೆದ್ದಿದ್ದ."

"ಸೂರ್ಯಗ ಸಿಟ್ಟು ಬಂದದ್ದು ಹೈದರಾಬಾದಿನ್ಯಾಗ ದಿನಾ ಗೊತ್ತಾಕ್ಕೈತಿ," ಎಂದಿದ್ದರು ಗಿರಿಜಾಬಾಯಿ, ಬೆವರು ಒರೆಸಿಕೊಳ್ಳುತ್ತ. "ಅದಕ ಅಷ್ಟು ದೂರ ಹೋಗಿ ಬರ್ಫ ಕಡದು ತರಬೇಕೇನವ್ವ?"

ಆ ದಿನ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ವಾರದಿಂದ ಆ ಮನೆಯಲ್ಲಿ ನಗುವಿಲ್ಲ.

"ಎಂಥಾ ಡಬ್ಬಿ ಅದು?" ಅಮೃತಪ್ಪನವರು ಏನೂ ಆಗದವರ ಹಾಗೆ ಕೇಳಿದರು.

"ನಮ್ಮಾಕಿ ಮಾರಿಗೆ ಹಚ್ಚೋ ಪೌಡರಿಂದ್ರಿ. ಗುಲಾಬಿ ಹೂವಿನ ಚಿತ್ರ ಐತಿ. ಖಾಲಿ ಆಗಿತ್ತು. ತೊಳದು ಒಣಗಿಸಿ, ಬೇಗಂ ಬಜಾರ್‌ದಾಗ ಕ್ಯಾರಂ ಪೌಡರ್ ಕಟ್ಟಿಸ್ಕೊಂಡು ಬಂದು ಅದ್ರಾಗ ತುಂಬಿದ್ದೆ. ಮ್ಯಾಲ ತೂತು ಇರ್ತಾವಲ್ರಿ, ಉದುರಸಾಕ ಚೊಲೋ."

"ಕ್ಯಾರಂ ಪೌಡರ್ ಅಂದ್ರ ಬೋರಿಕ್ ಹೌದಿಲ್ಲೋ?"

"ಹೌದ್ರಿ, ಒಳ್ಳೇದು ಅಂದ್ರ ಅದ. ಕಾಯಿ ಬೆಣ್ಣಿ ಮ್ಯಾಲ ಜಾರಿದಂಗ ಜಾರ್ತಾವ."

"ಯಾವಾಗ ಕಳೀತು?"

ಹುಲಗೇಶ ತಲೆ ಕೆರೆದುಕೊಂಡ. "ಕಾವ್ಯಾ ಮೇಡಂ ಜೋಡಿ ಕೆಲಸಾ ಮಾಡೋ ರಾಘವೇಂದ್ರ ಸರ್, ಬಸುರಿ ತಂಗಿ ಕುಬಸಕ್ಕಂತ ರಾಯಚೂರಿಗೆ ಹೋಗಿದ್ರಲ್ರಿ, ಆ ವಾರ. ಕ್ಯಾರಂ ಆಟದಾಗ ನಂಗ ಜೋಡಿ ಅವ್ರ. ಅವ್ರು ಹೋದ ದಿನ ಡಬ್ಬಿ ಇಲ್ಲೇ ಕಿಟಕ್ಯಾಗ ಇತ್ತು. ಅವ್ರು ವಾಪಸ್ ಬಂದು ಆಡಾಕ ಕುಂತ್ರ ಡಬ್ಬಿನ ಇಲ್ಲ. ಕಸಾ ಹೊಡ್ಯಾಕಿ ಒಗದಿರಬೇಕಂತ ಸುಮ್ನಾದೆ. ಯಾಕ್ರಿ ಸರ?"

"ಏನಿಲ್ಲೋ. ನಿನ್ನ ಆಟ." ಅಮೃತಪ್ಪನವರು ಎದ್ದುನಿಂತೇ ಆಟ ಬಿಟ್ಟುಕೊಟ್ಟರು. ಜೀವಮಾನದಲ್ಲಿ ಹಾಗೆ ಮಾಡಿದವರಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ವನಜಾ ತಮ್ಮ ಕೋಣೆಯಲ್ಲಿ ಒಬ್ಬರೇ ಕೂತು ಮೊಸರನ್ನ ತಿನ್ನುತ್ತಿದ್ದರು. ಹುಟ್ಟಿ ಬೆಳೆದದ್ದು ಸಿಕಂದರಾಬಾದಾದರೂ ಮೈಸೂರಿನ ತಾಯಿ ಕಲಿಸಿದ ಕನ್ನಡ ಅವರದು. ಕಾವ್ಯಾಳನ್ನು ಕೆಲಸಕ್ಕೆ ಆರಿಸಿದವರೂ ಅವರೇ, ಈಗ ಅವಳ ಮೇಲೆ ವಿಚಾರಣೆ ನಡೆಸಬೇಕಾದವರೂ ಅವರೇ. ಆ ಸಂಕಟ ಅವರ ಮುಖದ ಮೇಲೆ ಕಾಣುತ್ತಿತ್ತು.

"ಮೇಡಂ, ಬೋರಿಕ್ಕಿಗೂ ನಿಮ್ಮ ಬೋರಾನಿಗೂ ಏನರೆ ಸಂಬಂಧ ಐತೇನ್ರಿ?"

ಚಮಚ ಡಬ್ಬಿಯೊಳಗೇ ಉಳಿಯಿತು. "ಬೋರಿಕ್ ಅಂದ್ರೆ ಬೋರಾನೇ. ಅದರಿಂದಲೇ ಆಗೋದು. ಯಾಕೆ?"

"ಹಂಗಾದ್ರ ಏಳ್ರಿ. ಒಂದು ಡಬ್ಬಿ ಹುಡುಕೂಣು."

ಡಬ್ಬಿ ಹುಡುಕಲು ಅಮೃತಪ್ಪನವರಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಪೌಡರ್ ಯಾರಿಗೆ ಬೇಕಾಗುತ್ತದೆ? ಬೆವರುವವರಿಗೆ. ಈ ಕಟ್ಟಡದಲ್ಲಿ ಬೆವರುವ ಜಾಗ ಯಾವುದು? ಶೀತಕೋಣೆಯಲ್ಲಿ ಹಲ್ಲು ಕಟಕಟ ಅನ್ನುತ್ತದೆ, ಆಫೀಸಿನಲ್ಲಿ ಏಸಿ ಇದೆ.

"ಒತ್ತುವ ಕೋಣೆ," ಎಂದರು ವನಜಾ.

ಮಂಜುಗಡ್ಡೆಯ ಒಂದು ಪದರನ್ನು ಕರಗಿಸಿ, ಸೋಸಿ, ತೊಳೆದು, ಸುಟ್ಟ ಮೇಲೆ ಕೊನೆಗೆ ಉಳಿಯುವುದು ಒಂದು ಚಿಟಿಕೆ ಬಿಳಿ ಪುಡಿ. ಅದನ್ನು ಸಾಸಿವೆ ಕಾಳಿನಷ್ಟು ಸಣ್ಣ ತೂತಿಗೆ ಒತ್ತಿ ತುಂಬಿ, ದೂರದ ಊರಿನ ದೊಡ್ಡ ಯಂತ್ರಕ್ಕೆ ಕಳಿಸುತ್ತಾರೆ. ಆ ಯಂತ್ರ ಬೆರಿಲಿಯಂ ಕಣಗಳನ್ನು ಒಂದೊಂದಾಗಿ ಎಣಿಸುತ್ತದೆ. ಒತ್ತುವಾಗ ಉಸಿರು ಬಿಗಿಹಿಡಿಯಬೇಕು, ಫ್ಯಾನು, ಏಸಿ ಎಲ್ಲ ಬಂದ್ ಮಾಡಬೇಕು. ಇಲ್ಲವಾದರೆ ಸಾವಿರಾರು ವರ್ಷದ ಹಿಮ ಒಂದೇ ಗಾಳಿಗೆ ಹಾರಿಹೋಗುತ್ತದೆ.

ಬಾಗಿಲು ತೆಗೆದು ಒಳಗೆ ಕಾಲಿಟ್ಟದ್ದೇ ಅಮೃತಪ್ಪನವರ ಅಂಗಿ ಬೆನ್ನಿಗೆ ಅಂಟಿತು. ರಬ್ಬರಿನ ಗ್ಲೌಸು ಒಂದನ್ನು ತೆಗೆದುಕೊಂಡು ಹಾಕಿಕೊಳ್ಳಲು ನೋಡಿದರು. ಬೆವರಿದ ಬೆರಳುಗಳು ಅರ್ಧಕ್ಕೇ ಸಿಕ್ಕಿಕೊಂಡವು. ಎಳೆದರೆ ಹರಿಯಿತು.

"ಇದನ್ನ ದಿನಾ ಹಾಕ್ಕೊಳೋರು ಹೆಂಗ ಹಾಕ್ಕೋತಾರ್ರಿ?"

"ಒದ್ದಾಡ್ತಾರೆ. ರಾಘವೇಂದ್ರ ಅಂತೂ ದಿನಕ್ಕೊಂದು ಜೊತೆ ಹರೀತಿದ್ದ. ಈಚೆಗೆ ಕಡಿಮೆಯಾಗಿದೆ."

"ಈಚೆಗೆ," ಎಂದು ಅಮೃತಪ್ಪನವರು ಗ್ಲೌಸಿನ ಪೆಟ್ಟಿಗೆಯ ಕೆಳಗಿನ ಖಾನೆ ಎಳೆದರು. ಹತ್ತಿಯುಂಡೆಗಳ ಹಿಂದೆ ಗುಲಾಬಿ ಹೂವಿನ ಚಿತ್ರದ ಡಬ್ಬಿ ನೆಟ್ಟಗೆ ನಿಂತಿತ್ತು.

ಅವರು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದರು. ಹೆಣ್ಣುಮಕ್ಕಳ ಪೌಡರ್ ಡಬ್ಬಿ ಎಂದರೆ ಮುಚ್ಚಳ ತೆಗೆಯುವ ಮೊದಲೇ ಮನೆಯೆಲ್ಲ ಘಮಘಮ ಅನ್ನಬೇಕು. ಇದರಲ್ಲಿ ಒಂದಿಷ್ಟೂ ವಾಸನೆಯಿರಲಿಲ್ಲ. ಅಂಗೈ ಮೇಲೆ ಉದುರಿಸಿಕೊಂಡು ಉಜ್ಜಿದರು. ಅವರ ಬೆರಳಿಗೆ ಆ ನುಣುಪು ಚೆನ್ನಾಗಿ ಗುರುತಿತ್ತು.

"ಮೇಡಂ, ಇದು ಹುಲಗೇಶನ ಕ್ಯಾರಂ ಪೌಡರ್."

ವನಜಾ ಡಬ್ಬಿ ಕಸಿದುಕೊಂಡರು. ಪುಡಿಯನ್ನು ಒಂದು ಉಕ್ಕಿನ ಬಟ್ಟಲಿಗೆ ಉದುರಿಸಿ, ಮೇಲೆ ಸ್ಪಿರಿಟ್ ಹನಿಸಿ, ಕಾರಿಡಾರಿಗೆ ತಂದು ಕಡ್ಡಿ ಗೀರಿದರು. ಮೊದಲು ನೀಲಿಯಾಗಿ ಎದ್ದ ಜ್ವಾಲೆಯ ಅಂಚು ನೋಡನೋಡುತ್ತಿದ್ದ ಹಾಗೆ ಹಸಿರಾಯಿತು. ಗಿಳಿಯ ಹಸಿರು.

"ಬೋರಾನ್," ಎಂದರು ವನಜಾ. ಹೇಳಿದವರೇ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. "ಅಯ್ಯೋ ನನ್ನ ಕರ್ಮವೇ! ಗಾಜಿನ ಪಾತ್ರೆಯಿಂದ ಬಂತೇನೋ ಅಂತ ಹುಡುಕಿದೆವು, ನೀರಿನಿಂದ ಬಂತೇನೋ ಅಂತ ಹುಡುಕಿದೆವು. ಊಟದ ಕೋಣೆ ಯಾರ ತಲೆಗೂ ಹೊಳೀಲಿಲ್ಲ."

"ಬೋರಾನ್ ಕಂಡ್ರ ಯಂತ್ರಕ್ಕ ಯಾಕ ಅಷ್ಟು ಕಷ್ಟ?"

"ನಾವು ಹುಡುಕೋ ಬೆರಿಲಿಯಂಗೂ ಬೋರಾನಿಗೂ ತೂಕ ಒಂದೇ. ಯಂತ್ರಕ್ಕೆ ಇದ್ಯಾರು ಅದ್ಯಾರು ಅಂತ ಗೊತ್ತಾಗೋದೇ ಕಷ್ಟ. ಸ್ವಲ್ಪ ಇದ್ರೆ ಕಳೆದು ಲೆಕ್ಕ ಹಾಕ್ತಾರೆ. ಮೊದಲ ಪರೀಕ್ಷೆಯಲ್ಲೂ ಒಂದೆರಡು ಕಡೆ ಸ್ವಲ್ಪ ಕಂಡಿತ್ತು, ಅದು ಎಲ್ಲ ಕಡೆ ಇದ್ದದ್ದೇ. ಎರಡನೇದರಲ್ಲಿ ಮಾತ್ರ ಹೊಳೆ ಹರಿದಿತ್ತು. ಆ ಎರಡನೇ ಸಲ ಎಲ್ಲ ಪದರನ್ನೂ ಒತ್ತಿದವನು ರಾಘವೇಂದ್ರ." ವನಜಾ ಕಣ್ಣೊರೆಸಿಕೊಂಡರು. "ಯಾರೂ ಬೇಕಂತ ಕೆಡಿಸಿಲ್ಲ ಅಮೃತಪ್ಪನವರೇ. ಆ ಹುಡುಗಿ ಮೇಲೆ ಎಂಥ ಮಾತಾಡಿಬಿಟ್ಟೆವು ನಾವು!"

ಅಮೃತಪ್ಪನವರು ತಲೆ ಎತ್ತಿದರು. ಕಾರಿಡಾರಿನ ಕೊನೆಯಲ್ಲಿ ಒಬ್ಬ ಎತ್ತರದ ಹುಡುಗ ನಿಂತು ಆರುತ್ತಿದ್ದ ಹಸಿರು ಬೆಂಕಿಯನ್ನೇ ನೋಡುತ್ತಿದ್ದ. ರಾಘವೇಂದ್ರ. ಮುಖದಲ್ಲಿ ರಕ್ತವಿರಲಿಲ್ಲ. ಇವರು ನೋಡಿದ್ದನ್ನು ಕಂಡು ತಟ್ಟನೆ ಮೆಟ್ಟಿಲಿಳಿದು ಹೋದ.

"ನಾಳೆ ಸಮಿತಿ ಮುಂದೆ ನಾನೇ ಹೇಳ್ತೀನಿ," ಎನ್ನುತ್ತಿದ್ದರು ವನಜಾ. "ಆದ್ರೆ ಒಂದು ಪ್ರಶ್ನೆ ಅವರು ಕೇಳೇ ಕೇಳ್ತಾರೆ. ಈ ಡಬ್ಬಿ ಇಲ್ಲಿಗೆ ತಂದಿಟ್ಟವರು ಯಾರು, ಯಾವಾಗ? ಅದಕ್ಕೆ ಉತ್ತರ ಇಲ್ಲದಿದ್ರೆ, ಅದೂ ಕಾವ್ಯಾಳದೇ ಕಿತಾಪತಿ ಅಂತಾರೆ. ಅದೊಂದು ತಿಳಿದು ಹೇಳಿ."

"ಅದೇನ್ ಭಾಳ ದೊಡ್ಡ ಮಾತು?" ಎಂದರು ಅಮೃತಪ್ಪನವರು. ಹೆಮ್ಮೆಗೆ ಮೀಸೆ ತಾನಾಗಿ ಮೇಲೇರಿತ್ತು.

ಮೆಟ್ಟಿಲಿಳಿಯುವಾಗ ತಡೆಯಲಾರದೆ ಹೆಂಡತಿಗೆ ಫೋನು ಹಚ್ಚಿದರು.

"ಗಿರಿಜಾ, ನಿನ್ನ ಹುಡುಗಿ ಉಳಿದ್ಲು ನೋಡು."

ಆ ಕಡೆ ಮೂಗು ಸೊರ್ ಎಂದದ್ದು ಕೇಳಿಸಿತು.

"ಅಳಾಕತ್ತೀಯೇನ?"

"ನಾ ಯಾಕ ಅಳಲಿ! ಉಳ್ಳಾಗಡ್ಡಿ ಹೆಚ್ಚಾಕತ್ತೀನಿ. ಏನಾತು ಹೇಳ್ರಲ್ಲ ಪೂರ್ತಿ. ಅರ್ಧಾ ಹೇಳಿ ಜೀವಾ ತಿಂತೀರಿ."

ಅವರು ಪೂರ್ತಿ ಹೇಳಿದರು. ಕ್ಯಾರಂ ಕಾಯಿ, ಡಬ್ಬಿ, ಹಸಿರು ಬೆಂಕಿ, ರಾಘವೇಂದ್ರನ ಮುಖ.

"ಪಾಪ, ಆ ಹುಡುಗಗ ಅಂಗೈ ಭಾಳ ಬೆವರತಾವಂತ," ಎಂದರು ಗಿರಿಜಾಬಾಯಿ. "ಚಳಿಗಾಲದಾಗೂ ಹಂಗಂತ. ಯಾರಿಗೂ ಕೈ ಕೊಟ್ಟು ಮಾತಾಡ್ಸಾಕೂ ನಾಚ್ತಾನಂತ."

"ನಿಂಗ ಹೆಂಗ ಗೊತ್ತು?"

"ಕಾವ್ಯಾ ಹೇಳ್ತಿರ್ತಾಳ."

"ಆಕಿ ಯಾಕ ಹೇಳ್ತಾಳ?"

ಗಿರಿಜಾಬಾಯಿ ದೊಡ್ಡದಾಗಿ ನಿಟ್ಟುಸಿರುಬಿಟ್ಟರು. "ಮೂವತ್ತು ವರ್ಷ ಮಂದಿ ಗಂಟು ಬಿಚ್ಚಿ ನೋಡೀರಿ. ಒಬ್ಬ ಹೆಣ್ಣುಹುಡುಗಿ ಒಬ್ಬ ಹುಡುಗನ ಅಂಗೈ ಬೆವರಿಗೆ ಯಾಕ ಮರುಗ್ತಾಳಂತ ನಾನು ನಿಮಗ ಹೇಳ್ಬೇಕೇನು? ಮೊದಲು ಉಣ್ರಿ. ಪುಂಡಿಪಲ್ಯ ಹಾಕಿ ಕೊಟ್ಟೀನಿ. ಊಟದ ಡಬ್ಬಿ ಹಂಗ ವಾಪಸ್ ತಂದ್ರ ಮನಿಯೊಳಗ ಬರಬ್ಯಾಡ್ರಿ."

ಫೋನು ಕಟ್ಟಾಯಿತು. ಅಮೃತಪ್ಪನವರು ಮೆಟ್ಟಿಲ ಮೇಲೆ ನಿಂತೇ ಮುಗುಳ್ನಕ್ಕರು. ಹುಡುಗ ಕೆಟ್ಟವನಲ್ಲ. ಎರಡು ಸಲ ಮನೆಗೆ ಬಂದಿದ್ದ, ಎರಡೂ ಸಲ ರೊಟ್ಟಿ ಬೇಡ ಬೇಡ ಅನ್ನುತ್ತಲೇ ನಾಲ್ಕು ತಿಂದಿದ್ದ. ಈ ರಗಳೆ ಮುಗಿಯಲಿ, ಮದುವೆಗೆಂದು ಬೀದರಿನಲ್ಲಿ ಅವಳ ಅಪ್ಪನ ಕಿವಿಗೆ ಒಂದು ಮಾತು ಹಾಕಿ ನೋಡೋಣ ಅಂದುಕೊಂಡರು.

ರಾಘವೇಂದ್ರ ಸ್ಕೂಟರುಗಳ ಸಾಲಿನ ಪಕ್ಕ, ಬೇವಿನ ನೆರಳಿನಲ್ಲಿ ನಿಂತಿದ್ದ. ಇವರನ್ನು ಕಂಡದ್ದೇ ಎರಡು ಹೆಜ್ಜೆ ತಾನೇ ಮುಂದೆ ಬಂದ.

"ನಾನ ತಂದಿಟ್ಟದ್ದು ಸರ, ಆ ಡಬ್ಬಿ. ಊಟದ ರೂಮಿನಿಂದ ನಾನ ಒಯ್ದೆ. ಮಾರಿಗೆ ಹಚ್ಚೋ ಪೌಡರ್ ಅಂತ ತಿಳಕೊಂಡಿದ್ದೆ. ಎರಡನೇ ಪರೀಕ್ಷೆಗಿಂತ ಒಂದು ದಿನ ಮೊದಲು ಒಯ್ದೆ. ತಪ್ಪು ನಂದು, ಕಾವ್ಯಾಂದು ಏನೂ ಇಲ್ಲ."

ಕೇಳುವ ಮೊದಲೇ ಉತ್ತರ ಬಂದಿತ್ತು. ಅದೂ ದಿನ, ಕಾರಣ, ತಪ್ಪೊಪ್ಪಿಗೆ ಸಮೇತ. ಅಮೃತಪ್ಪನವರು ಮೊದಲು ಸಂತೋಷಪಟ್ಟರು. ಆಮೇಲೆ ಎಲ್ಲೋ ಒಂದು ಕಡೆ ಚುಚ್ಚಿತು. ರೈಲ್ವೆಯಲ್ಲಿದ್ದಾಗ ಕೇಳುವ ಮೊದಲೇ ಒಪ್ಪಿಕೊಂಡ ಹಮಾಲರನ್ನು ಅವರು ಬೇಕಾದಷ್ಟು ಕಂಡಿದ್ದರು. ಪ್ರತಿ ಸಲವೂ ಅವರ ಹಿಂದೆ ಇನ್ನೊಬ್ಬ ಇದ್ದೇ ಇರುತ್ತಿದ್ದ.

"ಕುಬಸ ಹೆಂಗಾತಪ್ಪ?" ಎಂದು ಕೇಳಿದರು.

"ಆಂ?"

"ನಿನ್ನ ತಂಗಿ ಕುಬಸ. ರಾಯಚೂರಿನ್ಯಾಗ."

"ಚೊಲೋ ಆತ್ರಿ."

"ನೀ ಹೋದ ದಿನ ಡಬ್ಬಿ ಕಿಟಕ್ಯಾಗ ಇತ್ತು. ನೀ ಬಂದು ಕ್ಯಾರಂ ಆಡಾಕ ಕುಂತಾಗ ಡಬ್ಬಿ ಇರಲಿಲ್ಲ. ಹುಲಗೇಶ ಹೇಳ್ದ. ರಾಯಚೂರಿನ್ಯಾಗ ಕುಂತು ಉಪ್ಪಲ್‌ದಾಗಿನ ಡಬ್ಬಿಗೆ ಕೈ ಹಾಕಿದೇನು?"

ರಾಘವೇಂದ್ರ ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿಕೊಂಡ.

"ಸರ, ನಾನ ಒಯ್ದೆ ಅಂತ ಇರ್ಲಿ ಬಿಡ್ರಿ."

"ಸುಳ್ಳು ಹೇಳಿದ್ರ ನಿನ್ನ ನೌಕರಿ ಹೋಗ್ತೈತಿ ತಮ್ಮಾ."

"ಹೋಗ್ಲಿ."

ಅಮೃತಪ್ಪನವರು ಸ್ಕೂಟರಿನ ಸೀಟಿಗೆ ಒರಗಿದರು. ಸೀಟು ಸುಡುತ್ತಿತ್ತು, ಆದರೂ ಏಳಲಿಲ್ಲ. "ಅಷ್ಟು ಜೀವ ಏನೋ ಆಕಿ ಮ್ಯಾಲ?"

ಹುಡುಗ ತಲೆ ತಗ್ಗಿಸಿ ಹೌದೆಂದ. ಅವನ ಕಿವಿ ಕೆಂಪಾದದ್ದು ಕಂಡು ಮುದುಕರಿಗೆ ಅಕ್ಕರೆ ಉಕ್ಕಿ ಬಂತು.

"ಹುಚ್ಚಾ, ಹಂಗಾದ್ರ ಇದ್ದದ್ದು ಇದ್ದಂಗ ಹೇಳು. ಡಬ್ಬಿ ಆಕಿನ ಕೊಟ್ಲು, ಹೌದಿಲ್ಲೋ? ನಿನ್ನ ಕೈ ಬೆವರೋದು ನೋಡ್ಲಾರ್ದ ಕೊಟ್ಲು. ಅದ್ರಾಗ ಏನ್ ತಪ್ಪೈತಿ? ಮಾರಿ ಪೌಡರ್ ಅಂತ ಆಕಿಗೂ ಅನಿಸಿರಬೇಕು. ಹಂಗ ಹೇಳಿದ್ರ ಮುಗೀತು."

"ಮುಗ್ಯಾಂಗಿಲ್ರಿ." ರಾಘವೇಂದ್ರ ತಲೆ ಅಲ್ಲಾಡಿಸಿದ. "ನಾ ಇಲ್ದ ವಾರ ಒತ್ತೋ ಕೆಲಸ ಯಾರ್ ಮಾಡಿದ್ರಂತ ಕೇಳ್ರಿ."

ಬೇವಿನ ಮರದ ಮೇಲೆ ಕಾಗೆಯೊಂದು ಕೂಗುತ್ತಿತ್ತು. ಅಮೃತಪ್ಪನವರು ಅದನ್ನೇ ನೋಡುತ್ತ ನಿಂತರು. ಕೇಳುವ ಅಗತ್ಯವಿರಲಿಲ್ಲ. ರಾಘವೇಂದ್ರ ಇಲ್ಲದ್ದರಿಂದ ಮೊದಲ ಪರೀಕ್ಷೆಯ ಪುಡಿಯನ್ನೆಲ್ಲ ತಾನೇ ಒತ್ತಿದೆನೆಂದು, ಬೆನ್ನು ನೋಯುತ್ತದೆಂದು, ಕಾವ್ಯಾ ಆ ವಾರವೆಲ್ಲ ಮನೆಯಲ್ಲಿ ಗಿರಿಜಾಬಾಯಿಯ ಕೈಲಿ ಎಣ್ಣೆ ಉಜ್ಜಿಸಿಕೊಂಡಿದ್ದಳು. ಬಿರುಗಾಳಿ ಸಿಕ್ಕಿದ್ದು ಆ ಪುಡಿಯಲ್ಲೇ.

ಅದೇ ಬಿಸಿ ಕೋಣೆ. ಅದೇ ಗ್ಲೌಸು. ಅದೇ ವಾರ ಡಬ್ಬಿ ಕಿಟಕಿಯಿಂದ ಎದ್ದು ಹೋಗಿದೆ.

ಹುಡುಗ ಯಾಕೆ ಸುಳ್ಳು ಹೇಳುತ್ತಿದ್ದಾನೆಂದು ಈಗ ಅವರಿಗೆ ಪೂರ್ತಿ ಅರ್ಥವಾಯಿತು. ಡಬ್ಬಿ ಒತ್ತುವ ಕೋಣೆಗೆ ಹೋದದ್ದು ಮೊದಲ ಪರೀಕ್ಷೆ 'ಆದ ಮೇಲೆ' ಎಂದಾದರೆ, ಕಾವ್ಯಾಳ ಹೆಸರೂ ಉಳಿಯುತ್ತದೆ, ಬಿರುಗಾಳಿಯೂ ಉಳಿಯುತ್ತದೆ. 'ಮೊದಲೇ' ಹೋಗಿತ್ತೆಂದಾದರೆ, ಯಂತ್ರ ಎಣಿಸಿದ್ದು ಸೂರ್ಯನ ಧೂಳನ್ನೋ ಹುಲಗೇಶನ ಪೌಡರನ್ನೋ, ದೇವರೇ ಬಲ್ಲ.

"ನಾನ ತಂದೆ ಅಂತ ಹೇಳ್ರಿ ಸರ," ರಾಘವೇಂದ್ರ ಮತ್ತೆ ಅಂದ. "ಹುಲಗೇಶ ದಿನ ಮರ್ತಾನ ಅಂದ್ರಾತು. ನಿಮ್ಮ ಮಾತು ಮೇಡಂ ನಂಬ್ತಾರ."

ನಂಬುತ್ತಾರೆ, ನಿಜ. ಅಮೃತಪ್ಪನವರು 'ಛೆ, ಎಂಥ ಮಾತು' ಎಂದು ಗದರಿಸಬೇಕಿತ್ತು. ಗದರಿಸಲಿಲ್ಲ. ಒಂದು ಮಾತು, ಒಂದೇ ಒಂದು ಸಣ್ಣ ಮಾತು, ಮನೆಗೆ ನಗು ವಾಪಸು ಬರುತ್ತದೆ. ಅವರಿಗೆ ಆಸೆಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಆಸೆಯಾಯಿತು.

"ಮಾಮಾ! ಇಲ್ಲೇ ಅದೀರೇನು? ಮ್ಯಾಲೆಲ್ಲಾ ಹುಡುಕಿ ಬಂದೆ."

ಕಾವ್ಯಾ ಎರಡು ಊಟದ ಡಬ್ಬಿ ಹಿಡಿದು ಬಿಸಿಲಿನಲ್ಲಿ ಓಡಿ ಬಂದಳು. ವಾರದ ಮೇಲೆ ಅವಳ ಕಣ್ಣು ಹೊಳೆಯುತ್ತಿದ್ದವು. "ಅತ್ತಿ ಫೋನ್ ಮಾಡಿದ್ಲು. ಏನೂ ತಿಳೀದಂಗ ಅಳ್ತಾಳ, ನಗ್ತಾಳ. ನೀವು ಕಳ್ಳನ್ನ ಹಿಡದೀರಂತ? ಅದೇನೋ ಡಬ್ಬಿ ಸಿಕ್ತಂತ?"

"ಕಾವ್ಯಾ, ನೀ ಒಳಗ ಹೋಗು," ಎಂದ ರಾಘವೇಂದ್ರ.

"ಯಾಕ? ನಂದ ಕೇಸು, ನಾನ ಕೇಳಬಾರ್ದೇನು?" ಅವಳು ಅವನ ಮುಖ ನೋಡಿದಳು, ಮಾಮನ ಮುಖ ನೋಡಿದಳು. ನಗು ಸ್ವಲ್ಪ ಕಡಿಮೆಯಾಯಿತು. "ಎಂಥಾ ಡಬ್ಬಿ ಮಾಮಾ?"

"ಏನಿಲ್ಲವ್ವ..."

"ಗುಲಾಬಿ ಹೂವಿನ ಡಬ್ಬಿ," ಅಂದುಬಿಟ್ಟ ರಾಘವೇಂದ್ರ. ಅಂದವನೇ ನಾಲಿಗೆ ಕಚ್ಚಿಕೊಂಡ. "ನಾನು ಊಟದ ರೂಮಿನಿಂದ ಒಯ್ದಿದ್ನಲ್ಲ, ಅದು."

"ನೀ ಎಲ್ಲಿ ಒಯ್ದಿ? ನಾನಲ್ಲೇನು ಒಯ್ದಾಕಿ!" ಕಾವ್ಯಾ ನಕ್ಕಳು. "ನೀ ಊರಿಗೆ ಹೋಗಿದ್ದಿ. ನಂಗ ಗ್ಲೌಸು ಹಾಕ್ಕೊಳ್ಳಾಕ ಬರವಲ್ದು, ಕರೆಂಟ್ ಹೋಗಿ, ನಡುನಡುವ ಹಚ್ಚೋ ಏಸಿನೂ ಇಲ್ದ ಆ ರೂಮು ತಂದೂರಾಗಿತ್ತು. ಕಿಟಕ್ಯಾಗ ಯಾರದೋ ಪೌಡರ್ ಡಬ್ಬಿ ಕಾಣಿಸ್ತು, ಹಚ್ಕೊಂಡೆ. ಭಾಳ ಚೊಲೋ ಅನಿಸ್ತು. ಅದಕ ನಿನಗಂತ ಖಾನ್ಯಾಗ ಇಟ್ಟೆ. ಮರ್ತಿಯೇನು?"

ರಾಘವೇಂದ್ರ ಮುಖ ಆ ಕಡೆ ತಿರುಗಿಸಿದ. ಅಮೃತಪ್ಪನವರು ಜೀವನದಲ್ಲಿ ಎಷ್ಟೋ ಜನರ ಎದುರು ಎಷ್ಟೋ ಸತ್ಯ ಹೇಳಿದ್ದರು. ಈ ಮೂರು ಶಬ್ದ ಹೇಳುವಾಗ ಅವಳ ಕಣ್ಣು ತಪ್ಪಿಸಿದರು.

"ಅದು ಬೋರಿಕ್ ಪೌಡರವ್ವ."

ಕಾವ್ಯಾಳ ನಗು ಅಲ್ಲೇ ಆರಿತು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊಟದ ಡಬ್ಬಿಗಳನ್ನು ಸ್ಕೂಟರಿನ ಸೀಟಿನ ಮೇಲೆ ಮೆಲ್ಲಗೆ ಇಟ್ಟಳು. ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಅವು ತನ್ನವೇ ಹೌದೋ ಅಲ್ಲವೋ ಎನ್ನುವ ಹಾಗೆ ನೋಡಿಕೊಂಡಳು.

"ಮಾಮಾ," ಎಂದಳು. "ಕರೆಂಟ್ ಹೋಗಿದ್ದು ಕೊನೇ ಮಧ್ಯಾಹ್ನ. ಉಳದ ಪದರು ಎಲ್ಲಾ ಒತ್ತಿ ಮುಗಿಸಿದ್ದೆ. ಅವತ್ತು ಒತ್ತಿದ್ದು ಬಿರುಗಾಳಿ ಸಿಕ್ಕ ಪದರು ಒಂದ."

"ಕಾವ್ಯಾ, ಸಾಕು," ಎಂದ ರಾಘವೇಂದ್ರ. "ಮೂರ ಮಂದಿಗೆ ಗೊತ್ತಿರೋ ಮಾತಿದು. ಇಲ್ಲೇ ಬಿಡು. ಆ ಪದರಿಂದು ಇನ್ನೊಂದು ತುಂಡು ಶೀತಕೋಣ್ಯಾಗ ಐತಿ. ಬಿರುಗಾಳಿ ಖರೇ ಇದ್ರ ಮುಂದ ಎಂದಾದ್ರೂ ಅದ್ರಾಗ ಸಿಗತೈತಿ."

"ಸುಳ್ಳಿದ್ರ?"

ಕಾವ್ಯಾ ಅವನ ಬೆವರಿದ ಕೈಯನ್ನು ಮಾಮನೆದುರಿಗೇ ಹಿಡಿದುಕೊಂಡಳು. ಆಮೇಲೆ ಅಮೃತಪ್ಪನವರ ಕಡೆ ತಿರುಗಿದಳು. ಕಣ್ಣು ತುಂಬಿದ್ದವು.

"ನನ್ನ ಉಳಸ್ತೀನಂತ ಬಂದಿದ್ರಿ ಮಾಮಾ. ಈಗ ಏನ್ ಮಾಡ್ತೀರಿ?"

ಅಷ್ಟರಲ್ಲಿ ಮೇಲಿನ ಮಹಡಿಯ ಕಿಟಕಿ ತೆರೆದುಕೊಂಡಿತು. ವನಜಾ ಮೇಡಂ ಅರ್ಧ ಮೈ ಹೊರಗೆ ಚಾಚಿ ನಗುತ್ತಿದ್ದರು. ಅವರ ಹಿಂದೆ, ಸಮಿತಿಯ ಇಬ್ಬರು ಹಿರಿಯರು ಒಂದು ದಿನ ಮೊದಲೇ ಬಂದು ನಿಂತಿದ್ದರು.

"ಅಮೃತಪ್ಪನವರೇ! ಇವರೇ ಬಂದುಬಿಟ್ಟಿದ್ದಾರೆ, ಈಗಲೇ ಮುಗಿಸೋಣ ಅಂತಾರೆ. ಡಬ್ಬಿ ತಂದಿಟ್ಟವರು ಯಾರು ಅಂತ ಗೊತ್ತಾಯ್ತೇನು?"

"ನಾನು," ಎಂದ ರಾಘವೇಂದ್ರ.

"ನಾನು," ಎಂದಳು ಕಾವ್ಯಾ.

ಎರಡು ದನಿಯೂ ಒಂದೇ ಉಸಿರಿಗೆ ಬಂದಿದ್ದವು. ಕಿಟಕಿಯಲ್ಲಿ ವನಜಾರ ನಗು ಮಾಯವಾಯಿತು. ಹಿರಿಯರಲ್ಲೊಬ್ಬರು ಕನ್ನಡಕ ಸರಿಮಾಡಿಕೊಂಡು, ಇಬ್ಬರನ್ನೂ ಬಿಟ್ಟು, ಸ್ಕೂಟರಿಗೆ ಒರಗಿ ನಿಂತ ಮುದುಕರನ್ನೇ ನೋಡಿದರು.

"ಇವರಿಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ. ಯಾರು ಅಂತ ನೀವು ಹೇಳಿ."